ತರಕಾರಿ ವಿಭಾಗ ನಡೆಸುವುದು: ಇಂಡೆಂಟ್‌ನಿಂದ ಡಂಪ್ ಟಬ್‌ವರೆಗೆ

ಪಿಯುಸಿಯಲ್ಲಿ ವಾಣಿಜ್ಯ ಓದಿದವರಿಗೆ ಈ ಪಟ್ಟಿ ಬಾಯಿಪಾಠ: ಯೋಜನೆ, ಸಂಘಟನೆ, ಸಿಬ್ಬಂದಿ ನೇಮಕ, ನಿರ್ದೇಶನ, ನಿಯಂತ್ರಣ. ಫ್ರಾನ್ಸಿನ ಗಣಿ ಎಂಜಿನಿಯರ್ ಹೆನ್ರಿ ಫಯೋಲ್ 1916ರಲ್ಲಿ ಇಂಥದ್ದೇ ಐದನ್ನು ಮುಂದಿಟ್ಟಾಗ ಅವರ ಕಣ್ಣೆದುರು ಇದ್ದದ್ದು ದೊಡ್ಡ ಗಣಿ ಕಂಪನಿ. ಅಲ್ಲಿ ಒಂದೊಂದು ಕೆಲಸಕ್ಕೂ ಒಬ್ಬೊಬ್ಬ ಅಧಿಕಾರಿ. ಸೂಪರ್‌ಮಾರ್ಕೆಟ್ಟಿನ ತರಕಾರಿ ಮೂಲೆಯಲ್ಲಿ ಹಾಗಿಲ್ಲ. ಐದೂ ಒಬ್ಬ ಇನ್‌ಚಾರ್ಜ್ ತಲೆ ಮೇಲೆ, ಅದೂ ಬೆಳಗ್ಗೆ ಆರರಿಂದ ಒಂಬತ್ತರೊಳಗೆ.

ಇಲ್ಲಿ ಲೆಕ್ಕಕ್ಕೆ ಹಿಡಿದಿರುವುದು ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರಿನ ಬಡಾವಣೆಯಲ್ಲಿರುವ ಒಂದು ಮಧ್ಯಮ ಅಂಗಡಿ. ತರಕಾರಿ, ಹಣ್ಣಿಗೆ 250–300 ಚದರಡಿ ಜಾಗ, 60–70 ಬಗೆಯ ಮಾಲು, ದಿನಕ್ಕೆ ಸುಮಾರು 25,000 ರೂಪಾಯಿ ವ್ಯಾಪಾರ, ಇನ್‌ಚಾರ್ಜ್ ಸೇರಿ ನಾಲ್ಕು ಜನ. ನಿಮ್ಮ ಅಂಗಡಿ ಇದರ ಅರ್ಧವೇ ಇದ್ದರೂ ಲೆಕ್ಕ ಹಾಕುವ ಬಗೆ ಬದಲಾಗುವುದಿಲ್ಲ.

ಮೊದಲು ಒಂದು ಟಬ್ ತನ್ನಿ

ಪಠ್ಯಪುಸ್ತಕದಲ್ಲಿ ನಿಯಂತ್ರಣ ಕೊನೆಗೆ ಬರುತ್ತದೆ. ತರಕಾರಿಯಲ್ಲಿ ಅದರಿಂದಲೇ ಶುರು ಮಾಡಬೇಕು, ಯಾಕೆಂದರೆ ಎಷ್ಟು ಕೆಡುತ್ತಿದೆ ಎಂದು ತಿಳಿಯದವರು ಎಷ್ಟು ತರಿಸಬೇಕೆಂದು ಯೋಜಿಸಲಾರರು. ಒಂದು ನೀಲಿ ಟಬ್, ಪಕ್ಕದಲ್ಲಿ ತಕ್ಕಡಿ, ದಾರ ಕಟ್ಟಿದ ಪೆನ್ನು, ಒಂದು ಉದ್ದನೆ ನೋಟ್‌ಬುಕ್. ಮಾರಲಾಗದೆ ಎಸೆಯುವ ಮಾಲಿಗೆ ಡಂಪ್ ಎನ್ನುತ್ತಾರೆ, ಈ ನೋಟ್‌ಬುಕ್ಕೇ ಡಂಪ್ ಪುಸ್ತಕ. ಕೆಟ್ಟದ್ದು, ಬಾಡಿದ್ದು, ಒಡೆದದ್ದು ಯಾವುದೂ ತೂಕವಾಗದೆ ಅಂಗಡಿಯಿಂದ ಹೊರಗೆ ಹೋಗಬಾರದು. ಪುಸ್ತಕದಲ್ಲಿ ಬರೆಯಬೇಕಾದ್ದು ಐದು: ಹೊತ್ತು, ಮಾಲು, ತೂಕ, ಅವತ್ತಿನ ಮಾರಾಟ ದರ, ಕಾರಣ. ಕಾರಣಕ್ಕೆ ಕಥೆ ಬೇಡ, ಒಂದು ಅಂಕಿ ಸಾಕು.

1 ಎಂದರೆ ಬರುವಾಗಲೇ ಕೆಟ್ಟಿತ್ತು. 2, ಜಾಸ್ತಿ ತರಿಸಿದ್ದು ಉಳಿಯಿತು. 3, ನಾವು ಇಟ್ಟ ರೀತಿಯಿಂದ ಕೆಟ್ಟಿತು. 4, ಗಿರಾಕಿಗಳ ಕೈಯಲ್ಲಿ ನುಜ್ಜಾಯಿತು. 5, ಹೂಕೋಸಿನ ಎಲೆ, ಮೂಲಂಗಿ ಸೊಪ್ಪಿನಂಥ ಕತ್ತರಿಸಿ ತೆಗೆದದ್ದು.

ಎರಡು ವಾರ ಬರೆದ ಮೇಲೆ ಅಂಕಿಗಳನ್ನು ಕೂಡಿಸಿ ನೋಡಿ. 1 ಜಾಸ್ತಿ ಇದ್ದರೆ ಮಾಲು ಇಳಿಸಿಕೊಳ್ಳುವಾಗ ಕಣ್ಣು ಸಾಲದು. 2 ಜಾಸ್ತಿ ಇದ್ದರೆ ಇಂಡೆಂಟ್, ಅಂದರೆ ಮಾಲು ಕಳಿಸಿ ಎಂದು ಕೊಡುವ ಬೇಡಿಕೆ ಪಟ್ಟಿ, ತಪ್ಪು. 3 ಜಾಸ್ತಿ ಇದ್ದರೆ ಜಾಗ ಅಥವಾ ತರಬೇತಿಯದ್ದು. 4 ಜಾಸ್ತಿ ಇದ್ದರೆ ಸಂಜೆ ಹೊತ್ತು ರ‍್ಯಾಕ್ ಮುಂದೆ ನಮ್ಮವರು ಯಾರೂ ನಿಂತಿಲ್ಲ. ಯೋಜನೆಯಿಂದ ನಿಯಂತ್ರಣದವರೆಗಿನ ಆ ಐದರಲ್ಲಿ ಯಾವುದು ನಿಮ್ಮಲ್ಲಿ ಸೋರುತ್ತಿದೆ ಎಂದು ಟಬ್ ಹೇಳುತ್ತದೆ.

ಒಂದು ಎಚ್ಚರಿಕೆ ಮಾತ್ರ ಇವತ್ತೇ ಹೇಳಿಬಿಡಬೇಕು. ಡಂಪ್ ಪುಸ್ತಕ ನೋಡಿ ಸಂಬಳ ಹಿಡಿಯಬೇಡಿ, ಬೈಯಲೂ ಬೇಡಿ. ಒಂದೇ ಸಲ ಹಾಗೆ ಮಾಡಿದರೂ ಸಾಕು, ಮರುದಿನದಿಂದ ಕೊಳೆತ ಟೊಮೆಟೊ ಪುಸ್ತಕ ಮುಟ್ಟದೆ ಹಿಂಬಾಗಿಲಿನಿಂದ ಮೋರಿಗೆ ಹೋಗುತ್ತದೆ. ಡಂಪ್ ಇದ್ದಕ್ಕಿದ್ದಂತೆ ಕಡಿಮೆಯಾಗಿ ಲಾಭ ಮಾತ್ರ ಏರದಿದ್ದರೆ ನಡೆದಿರುವುದು ಇದೇ.

ಇಂಡೆಂಟ್: ನಷ್ಟ ಹುಟ್ಟುವ ಜಾಗ

ಹೆಚ್ಚಿನ ಅಂಗಡಿಗಳಲ್ಲಿ ಇಂಡೆಂಟ್ ಹಾಕುವುದು ರಾತ್ರಿ ಒಂಬತ್ತಕ್ಕೆ, ಮನೆಗೆ ಹೊರಡುವ ಅವಸರದಲ್ಲಿ, ‘ನಿನ್ನೆಯಷ್ಟೇ ಕಳಿಸಿ’ ಎಂದು. ನಿನ್ನೆ ಗುರುವಾರವಾಗಿದ್ದು ನಾಳೆ ಶನಿವಾರವಾದರೆ ಈ ಮಾತು ಕೆಲಸಕ್ಕೆ ಬಾರದು. ವಾರದ ಅದೇ ದಿನಗಳನ್ನು ಹೋಲಿಸಿ.

ಶನಿವಾರದ ಟೊಮೆಟೊ ಲೆಕ್ಕ ಹೀಗೆ. ಹಿಂದಿನ ನಾಲ್ಕು ಶನಿವಾರಗಳಲ್ಲಿ ಹೋದದ್ದು 62, 58, 71, 65 ಕೆ.ಜಿ. ಸರಾಸರಿ 64. ರಾತ್ರಿ ಬಾಗಿಲು ಹಾಕುವಾಗಲೂ ರ‍್ಯಾಕ್ ಬರಿದಾಗಿ ಕಾಣಬಾರದು, ಅದಕ್ಕೆ 8 ಕೆ.ಜಿ. ಶುಕ್ರವಾರ ರಾತ್ರಿ ಕೈಯಲ್ಲಿರುವುದು 14 ಕೆ.ಜಿ., ಅದರಲ್ಲಿ ನಾಳೆ ಸಂಜೆವರೆಗೆ ತಾಳುವಂಥದ್ದು 9. ಬೇಕಾದದ್ದು 64 + 8 – 9 = 63. ಆರಿಸುವಾಗ ನೂರಕ್ಕೆ ಐದು ಹೋಗುತ್ತದೆ ಎಂದು ನಿಮ್ಮ ಡಂಪ್ ಪುಸ್ತಕ ಹೇಳಿದರೆ 63 ಅನ್ನು 0.95ರಿಂದ ಭಾಗಿಸಿ: 66 ಕೆ.ಜಿ. ಕ್ರೇಟ್ ಒಂದಕ್ಕೆ 22 ಕೆ.ಜಿ. ಬರುವುದಾದರೆ ಮೂರು ಕ್ರೇಟ್.

ಈ ಲೆಕ್ಕದಲ್ಲಿ ಒಂದು ಗುಂಡಿ ಇದೆ, ಬಹಳ ಜನ ಅದರಲ್ಲಿ ಬೀಳುತ್ತಾರೆ. ಆ 58 ಕೆ.ಜಿ.ಯ ಶನಿವಾರ ಸಂಜೆ ಆರಕ್ಕೇ ಟೊಮೆಟೊ ಖಾಲಿಯಾಗಿದ್ದರೆ ಅದು ಬೇಡಿಕೆಯ ಅಂಕಿಯಲ್ಲ, ಕೊರತೆಯ ಅಂಕಿ. ಅದನ್ನು ಸರಾಸರಿಗೆ ಸೇರಿಸಿದರೆ ಮುಂದಿನ ವಾರವೂ ಕಡಿಮೆ ತರಿಸುತ್ತೀರಿ, ಮತ್ತೆ ಆರಕ್ಕೇ ಖಾಲಿಯಾಗುತ್ತದೆ, ಕಂಪ್ಯೂಟರ್ ಮಾತ್ರ ಎಲ್ಲ ಸರಿಯಿದೆ ಎನ್ನುತ್ತಿರುತ್ತದೆ. ಆದ್ದರಿಂದ ಡಂಪ್ ಪುಸ್ತಕದ ಹಿಂಬದಿಯ ಪುಟಗಳಲ್ಲಿ ‘ಖಾಲಿಯಾದ ಹೊತ್ತು’ ಎಂದು ಬರೆಯುತ್ತಾ ಬನ್ನಿ. ಬೇಗ ಖಾಲಿಯಾದ ದಿನವನ್ನು ಸರಾಸರಿಯಿಂದ ಬಿಟ್ಟುಬಿಡಿ.

ಎಲ್ಲ ಮಾಲಿಗೂ ದಿನಾ ಇಷ್ಟು ಲೆಕ್ಕ ಹಾಕುತ್ತಾ ಕೂತರೆ ರಾತ್ರಿಯಿಡೀ ಬೇಕು. ಈರುಳ್ಳಿ, ಆಲೂಗಡ್ಡೆ ವಾರಕ್ಕೆ ಎರಡು ಸಲ ಬಂದರೆ ಸಾಕು. ತೆಂಗಿನಕಾಯಿ, ಸೇಬು ವಾರಕ್ಕೊಮ್ಮೆ. ಸೋರೆ, ಪಡವಲ, ಸೀಮೆಬದನೆ, ಮಂಗಳೂರು ಸೌತೆ ದಿನ ಬಿಟ್ಟು ದಿನ. ದಿನಾ ತಲೆ ಕೆಡಿಸಿಕೊಳ್ಳಬೇಕಾದದ್ದು ಸೊಪ್ಪು, ಟೊಮೆಟೊ, ಬೀನ್ಸ್, ಬೆಂಡೆ ಮತ್ತು ಹಣ್ಣಾದ ಬಾಳೆ. ನಿಮ್ಮ ಡಂಪ್ ಪುಸ್ತಕದಲ್ಲಿ ಪದೇ ಪದೇ ಬರುವ ಹೆಸರುಗಳೂ ಬಹುಶಃ ಇವೇ.

ಹಬ್ಬದ ಇಂಡೆಂಟ್ ಬೇರೆಯೇ ಲೆಕ್ಕ. ವ್ಯಾಪಾರ ಹಬ್ಬದ ಹಿಂದಿನ ದಿನ ಮತ್ತು ಹಬ್ಬದ ಬೆಳಗ್ಗೆ. ಮಧ್ಯಾಹ್ನದ ಮೇಲೆ ಸದ್ದಿಲ್ಲ. ಹೀಗಿರುವಾಗ ಕೇಳಬೇಕಾದ ಪ್ರಶ್ನೆ ‘ಎಷ್ಟು ಹೋಗುತ್ತದೆ’ ಎಂಬುದೊಂದೇ ಅಲ್ಲ, ‘ಉಳಿದರೆ ಏನಾಗುತ್ತದೆ’ ಎಂಬುದೂ ಹೌದು. ಆಯುಧಪೂಜೆಗೆ ತಂದ ಬೂದುಗುಂಬಳ ಪೆಟ್ಟಾಗಿರದಿದ್ದರೆ ವಾರಗಟ್ಟಲೆ ಇರುತ್ತದೆ, ಹತ್ತು ಹೆಚ್ಚಾದರೂ ನಿದ್ದೆ ಕೆಡದು. ಅದೇ ದಿನದ ಬಾಳೆಕಂದು ಮರುದಿನ ಬರಿ ಕಸ, ಅದನ್ನು ಒಂದೆರಡು ಜೊತೆ ಕಡಿಮೆಯೇ ತರಿಸಿ. ಸಂಕ್ರಾಂತಿಯ ಗೆಣಸು ಉಳಿದರೆ ಮಾರಬಹುದು, ಕಬ್ಬಿನ ಜಲ್ಲೆ ಉಳಿದರೆ ಜ್ಯೂಸ್ ಗಾಡಿಯವರಿಗೆ ಮೊದಲೇ ಮಾತಾಡಿಟ್ಟಿರಬೇಕು. ವರಮಹಾಲಕ್ಷ್ಮಿಗೆ ಹಣ್ಣು ಬಿಡಿಬಿಡಿಯಾಗಿ ಹೋಗುತ್ತದೆ: ಪೂಜೆಗೆ ಐದು ಬಗೆ ಇಡುವವರು ಒಂದೊಂದು ಬಗೆಯಲ್ಲೂ ಎರಡೋ ಮೂರೋ ಕೇಳುತ್ತಾರೆ. ಆ ದಿನ ಬಗೆ ಹೆಚ್ಚಿರಲಿ, ತೂಕ ಅಲ್ಲ.

ಅವರೆಕಾಯಿ ಕಾಲದಲ್ಲಿ, ಚಳಿಗಾಲದ ಆ ಎರಡು ಮೂರು ತಿಂಗಳು, ಬೆಂಗಳೂರು–ಮೈಸೂರು ಕಡೆ ಬೀನ್ಸ್, ಹುರುಳಿಕಾಯಿ ಅಂತ ಕೇಳುವವರು ಇಳಿಯುತ್ತಾರೆ. ಇಂಡೆಂಟ್‌ನಲ್ಲೂ ಇಳಿಸಿ. ಸೊಗಡು ಆರಿ ಸಿಪ್ಪೆ ಕಪ್ಪಾಗತೊಡಗಿದ ಅವರೆಕಾಯಿಯನ್ನು ಟಬ್‌ಗೆ ಹಾಕುವ ಮೊದಲು ಬಿಡಿಸಿ ನೋಡಿ. ಕಾಳು ಗಟ್ಟಿಯಾಗಿ, ಹುಳವಿಲ್ಲದೆ ಇದ್ದರೆ ಕಾಳಾಗಿಯೇ ಮಾರಬಹುದು, ಕಾಯಿಗಿಂತ ಒಳ್ಳೆ ದರ ಸಿಗುತ್ತದೆ. ಮಧ್ಯಾಹ್ನ ಬಿಡುವಿರುವವರ ಕೈಗೆ ಅದೇ ಕೆಲಸ.

ಮಾಲು ಇಳಿಸಿಕೊಳ್ಳುವ ಇಪ್ಪತ್ತು ನಿಮಿಷ

ಗಾಡಿ ಬಂದಾಗ ಚೀಟಿಗೆ ಸಹಿ ಹಾಕಿ ಕಳಿಸಿಬಿಡುವುದು ಸುಲಭ. ಆದರೆ ಚೀಟಿಯಲ್ಲಿ 22 ಕೆ.ಜಿ. ಎಂದಿರುವ ಕ್ರೇಟ್‌ನಲ್ಲಿ ಕ್ರೇಟಿನದೇ ತೂಕ ಸೇರಿದೆಯೇ? ಖಾಲಿ ಪ್ಲಾಸ್ಟಿಕ್ ಕ್ರೇಟ್ ಒಂದನ್ನು ತಕ್ಕಡಿಗಿಟ್ಟು ನೋಡಿ, ಅಂಕಿಯನ್ನು ಗೋಡೆಗೆ ಅಂಟಿಸಿ. ಮಳೆಗಾಲದಲ್ಲಿ ನೆನೆದ ಗೋಣಿಚೀಲ, ಮಣ್ಣು ಮೆತ್ತಿದ ಆಲೂಗಡ್ಡೆ ಎರಡೂ ತರಕಾರಿ ದರದಲ್ಲೇ ತೂಗುತ್ತವೆ ಎಂಬುದು ನೆನಪಿರಲಿ.

ಪ್ರತಿ ಮಾಲಿನಲ್ಲೂ ಒಂದು ಕ್ರೇಟನ್ನಾದರೂ ಪೂರ್ತಿ ಸುರಿದು ನೋಡಿ. ಮೇಲೆ ಕೆಂಪಗೆ ದಪ್ಪ, ತಳದಲ್ಲಿ ಗೋಲಿ ಗಾತ್ರ: ಟೊಮೆಟೊ ಬಾಕ್ಸ್ ತುಂಬುವವರ ಹಳೇ ವಿದ್ಯೆ ಇದು. ಬೀನ್ಸ್ ಒಂದನ್ನು ಮುರಿಯಿರಿ, ಟಕ್ಕನೆ ಮುರಿಯಬೇಕು, ನಾರು ಎಳೆಯಬಾರದು. ಸೊಪ್ಪಿನ ಕಟ್ಟನ್ನು ಬಿಚ್ಚಿ ಮಧ್ಯಕ್ಕೆ ಮೂಗು ಹಿಡಿಯಿರಿ. ಒಳಗೆ ಬಿಸಿ ತಾಗಿದರೆ, ಹುಳಿ ವಾಸನೆ ಬಂದರೆ ಹೊರಗೆ ಎಷ್ಟೇ ಹಸಿರಿದ್ದರೂ ಮಧ್ಯಾಹ್ನಕ್ಕೆ ಕೊಳೆಯುತ್ತದೆ.

ಕೊಳ್ಳುವ ಅಳತೆ ಒಂದು, ಮಾರುವ ಅಳತೆ ಇನ್ನೊಂದು ಆಗಿರುವ ಕಡೆ ಲೆಕ್ಕ ತಪ್ಪುತ್ತದೆ. ಏಲಕ್ಕಿ ಬಾಳೆಯನ್ನು ಗೊನೆಯ ಲೆಕ್ಕದಲ್ಲಿ ತೂಗಿ ಕೊಟ್ಟರೆ ದಿಂಡಿನ ತೂಕಕ್ಕೂ ನೀವು ದುಡ್ಡು ಕೊಟ್ಟಿರುತ್ತೀರಿ. ನಾಲ್ಕೈದು ಗೊನೆಗಳ ದಿಂಡನ್ನು ತೂಗಿ ಸರಾಸರಿ ತೆಗೆದು ದರಕ್ಕೆ ಸೇರಿಸಿ. ಕೊತ್ತಂಬರಿ ನೂರು ಕಟ್ಟಿನ ಲೆಕ್ಕದಲ್ಲಿ ಬರುತ್ತದೆ, ಆದರೆ ಬೇಸಿಗೆಯ ಕಟ್ಟು ತೆಳುವಾಗುತ್ತದೆ. ಹತ್ತು ಕಟ್ಟು ಒಟ್ಟಿಗೆ ತೂಗಿದರೆ ದರ ನಿಜವಾಗಿ ಎಷ್ಟು ಏರಿದೆ ಎಂದು ಗೊತ್ತಾಗುತ್ತದೆ.

ಬೇಡದ ಮಾಲನ್ನು ಗಾಡಿ ಇರುವಾಗಲೇ ವಾಪಸ್ ಹಾಕಿ. ಗಾಡಿ ಹೋದ ಮೇಲೆ ಕಂಡರೆ ಒಂದು ಗಂಟೆಯೊಳಗೆ ತಕ್ಕಡಿಯ ಅಂಕಿ ಕಾಣುವಂತೆ ಫೋಟೊ ತೆಗೆದು ಮಂಡಿಯವರಿಗೆ ವಾಟ್ಸ್ಆ್ಯಪ್ ಮಾಡಿ. ಸಂಜೆ ಕಳಿಸಿದ ಫೋಟೊಕ್ಕೆ ‘ನಿಮ್ಮಲ್ಲೇ ಬಿಸಿಲಿಗೆ ಕೆಟ್ಟಿರಬೇಕು’ ಎಂಬ ಉತ್ತರ ಬರುತ್ತದೆ, ಅದಕ್ಕೆ ನಿಮ್ಮ ಹತ್ತಿರ ಜವಾಬಿರುವುದಿಲ್ಲ.

ಹಣ್ಣಿನ ಬಗ್ಗೆ ಒಂದು ಮಾತು. ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಮಾಗಿಸಿದ ಹಣ್ಣು ಮಾರುವುದು ಆಹಾರ ಸುರಕ್ಷತಾ ನಿಯಮಗಳಲ್ಲಿ ನಿಷಿದ್ಧ. ಎಥಿಲೀನ್ ಅನಿಲದಿಂದ ಮಾಗಿಸಲು ಮಿತಿಯೊಳಗೆ ಅವಕಾಶವಿದೆ. ಮಾವು, ಬಾಳೆ ಎಲ್ಲಿ ಮಾಗಿಸಿದ್ದು ಎಂದು ಪೂರೈಸುವವರ ಬಿಲ್ ಮೇಲೆ ಬರೆಸಿಕೊಳ್ಳಿ. ಬಾಕ್ಸಿನ ತಳದಲ್ಲಿ ಬೂದು ಪುಡಿಯ ಪೊಟ್ಟಣ ಕಂಡರೆ ಮಾಲು ಪೂರ್ತಿ ವಾಪಸ್.

ಜಾಗ ಹಂಚುವುದು

ಸಂಘಟನೆ ಎಂದರೆ ಜನರನ್ನಷ್ಟೇ ಅಲ್ಲ, ತರಕಾರಿಯನ್ನೂ ಸಂಘಟಿಸಬೇಕು. ಕಾರಣ 3ರ ಅಂಕಿ ಕಡಿಮೆಯಾಗುವುದು ಇಲ್ಲೇ.

ಬಾಳೆಹಣ್ಣು ಫ್ರಿಜ್ಜಿಗೆ ಸಲ್ಲದು, 13 ಡಿಗ್ರಿಗಿಂತ ಕೆಳಗೆ ಸಿಪ್ಪೆ ಕಂದುತ್ತದೆ. ಬೆಂಡೆ, ಬದನೆ, ಸೌತೆಗೂ ಅತಿ ತಂಪು ಆಗದು. ಸೊಪ್ಪಿಗೆ ಇಟ್ಟಷ್ಟೇ ತಂಪಿನಲ್ಲಿ ಇವನ್ನು ಎರಡು ಮೂರು ದಿನ ಇಟ್ಟರೆ ಮೈಮೇಲೆ ಗುಳಿ ಬೀಳುತ್ತದೆ, ಹೊರಗೆ ತೆಗೆದ ಮೇಲೆ ಬೇಗ ಕೊಳೆಯುತ್ತದೆ. ಸೊಪ್ಪು, ಕ್ಯಾರೆಟ್, ಬೀಟ್‌ರೂಟ್, ಹೂಕೋಸಿಗೆ ತಂಪು ಬೇಕೇ ಬೇಕು. ಮಾಗುವ ಬಾಳೆ, ಮಾವು, ಪರಂಗಿ, ಸೇಬು ಬಿಡುವ ಎಥಿಲೀನ್ ಪಕ್ಕದ ಸೊಪ್ಪನ್ನು ಹಳದಿ ಮಾಡುತ್ತದೆ, ಕ್ಯಾರೆಟ್ಟನ್ನು ಕಹಿ ಮಾಡುತ್ತದೆ. ಹಣ್ಣು ಒಂದು ಗೋಡೆಗೆ, ಸೊಪ್ಪು ಎದುರು ಗೋಡೆಗೆ. ಆಲೂಗಡ್ಡೆ ಟ್ಯೂಬ್‌ಲೈಟ್ ಕೆಳಗೆ ದಿನಗಟ್ಟಲೆ ಬಿದ್ದಿದ್ದರೆ ಹಸಿರಾಗುತ್ತದೆ. ಹಸಿರಾದದ್ದನ್ನು ಕಡಿಮೆ ದರಕ್ಕೂ ಮಾರಬಾರದು, ಅದರಲ್ಲಿ ಸೋಲನೈನ್ ಎಂಬ ವಿಷಾಂಶ ಹೆಚ್ಚಿರುತ್ತದೆ.

ನೀರು ಚಿಮುಕಿಸುವುದು ಎಲ್ಲರಿಗೂ ಇಷ್ಟದ ಕೆಲಸ, ಹಾಗಾಗಿ ಸಿಕ್ಕಿದ್ದಕ್ಕೆಲ್ಲ ಚಿಮುಕಿಸುತ್ತಾರೆ. ಸೊಪ್ಪು ತನ್ನ ತೂಕದಲ್ಲಿ ನೂರಕ್ಕೆ ಮೂರರಿಂದ ಐದು ಪಾಲು ನೀರು ಕಳೆದುಕೊಂಡರೆ ಸಾಕು, ಬಾಡಿದ್ದು ಕಾಣುತ್ತದೆ. ಅದಕ್ಕೆ ನೀರು ಬೇಕು ನಿಜ. ಆದರೆ ಬೇರಿರುವ ಕೊತ್ತಂಬರಿ, ಪುದೀನವನ್ನು ಎರಡು ಬೆರಳಷ್ಟು ನೀರಿರುವ ಟಬ್ಬಿನಲ್ಲಿ ನಿಲ್ಲಿಸುವುದು ಮೇಲಿನಿಂದ ಸುರಿಯುವುದಕ್ಕಿಂತ ಲೇಸು. ಮಿಕ್ಕ ಸೊಪ್ಪಿಗೆ ಹಿಂಡಿದ ಒದ್ದೆ ಗೋಣಿಬಟ್ಟೆ ಹೊದಿಸಿ. ಬೆಂಡೆ, ಬೀನ್ಸ್, ದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿಗೆ ಹನಿ ನೀರೂ ಬೇಡ. ನೀರು ತಾಗಿದ ಬೆಂಡೆ ಸಂಜೆಯೊಳಗೆ ಲೋಳೆಯಾಗಿ ಕಪ್ಪುಚುಕ್ಕೆ ಹೊಡೆಯುತ್ತದೆ.

ಟೊಮೆಟೊವನ್ನು ತೊಟ್ಟು ಕೆಳಮುಖವಾಗಿ, ಮೂರು ಪದರಕ್ಕಿಂತ ಹೆಚ್ಚಿಲ್ಲದಂತೆ ಜೋಡಿಸಿ. ಗುಡ್ಡೆ ದೊಡ್ಡದಾಗಿ ಕಾಣಬೇಕೆಂದರೆ ಕೆಳಗೆ ಖಾಲಿ ಕ್ರೇಟ್ ಬೋರಲು ಹಾಕಿ ಅದರ ಮೇಲೆ ಜೋಡಿಸಿ. ಹೊಸ ಮಾಲು ಬಂದಾಗ ಹಳೆಯದನ್ನು ತೆಗೆದು, ಹೊಸದನ್ನು ಹಿಂದೆ ಇಟ್ಟು, ಹಳೆಯದನ್ನು ಮುಂದೆ ತರಬೇಕು. ಇದು ಎಲ್ಲರಿಗೂ ಗೊತ್ತಿರುವ, ಬೆಳಗ್ಗೆ ಏಳರ ಅವಸರದಲ್ಲಿ ಯಾರೂ ಮಾಡದ ಕೆಲಸ.

ದರ ಕಟ್ಟುವಾಗ ಟಬ್ಬನ್ನು ಮರೆಯಬೇಡಿ

ಮೊದಲಿಗೆ ಒಂದು ಗೊಂದಲ ಬಿಡಿಸಿಕೊಳ್ಳಿ. 30 ರೂಪಾಯಿಗೆ ಕೊಂಡು 40ಕ್ಕೆ ಮಾರಿದರೆ ಲಾಭ ಕೊಂಡ ದರದ ಮೇಲೆ ಶೇ. 33, ಮಾರಿದ ದರದ ಮೇಲೆ ಶೇ. 25. ಮಾಲೀಕರು ‘ಶೇ. 25 ಮಾರ್ಜಿನ್ ಬೇಕು’ ಎಂದಾಗ ಸಾಮಾನ್ಯವಾಗಿ ಕೇಳುವುದು ಎರಡನೆಯದು. ಕೊಂಡ ದರಕ್ಕೆ ಶೇ. 25 ಸೇರಿಸಿ ಕೂತರೆ ಕೈಗೆ ಬರುವುದು ಶೇ. 20.

ಈಗ ಬೀನ್ಸ್. 20 ಕೆ.ಜಿ., ಕೆ.ಜಿ.ಗೆ 50ರಂತೆ 1,000 ರೂ. ಸಾಗಣೆ, ಹಮಾಲಿ ಸೇರಿ 60. ಒಟ್ಟು 1,060. ಒಣಗುವುದು, ಆರಿಸುವುದರಲ್ಲಿ 2 ಕೆ.ಜಿ. ಹೋಗಿ ಉಳಿಯುವುದು 18. ಕೆ.ಜಿ.ಗೆ ಅಸಲು 58.90. ಶೇ. 25 ಉಳಿಯಲು 58.90 ಭಾಗಿಸು 0.75, ಅಂದರೆ ಸುಮಾರು 78 ರೂ. ಇಷ್ಟಕ್ಕೆ ನಿಲ್ಲಿಸುವವರೇ ಹೆಚ್ಚು. ಆದರೆ ಕೊನೆಯ 3 ಕೆ.ಜಿ. ಯಾವತ್ತೂ ಪೂರ್ತಿ ದರಕ್ಕೆ ಹೋಗುವುದಿಲ್ಲ, 50ಕ್ಕೆ ಇಳಿಸಬೇಕಾಗುತ್ತದೆ. 15 ಕೆ.ಜಿ. 78ರಂತೆ 1,170, ಮೂರು ಕೆ.ಜಿ. 150. ಒಟ್ಟು 1,320, ಲಾಭ 260, ಮಾರ್ಜಿನ್ ಶೇ. 20ಕ್ಕಿಂತ ಸ್ವಲ್ಪ ಕೆಳಗೆ. ಇಳಿಕೆಯನ್ನೂ ಸೇರಿಸಿ ಲೆಕ್ಕ ಹಾಕಿದರೆ ದರ 84 ಆಗಬೇಕಿತ್ತು.

ಪಕ್ಕದ ತಳ್ಳುಗಾಡಿಯಲ್ಲಿ 70 ಇದ್ದು ನೀವು 84 ಬರೆದರೆ ಬೀನ್ಸ್ ಅಲ್ಲೇ ಇರುತ್ತದೆ. ಆಗ ದರದ ಜೊತೆ ಸೆಣಸುವುದಕ್ಕಿಂತ ತರಿಸುವುದನ್ನು 14 ಕೆ.ಜಿ.ಗೆ ಇಳಿಸಿ, ಕೊನೆಯ ಆ ಮೂರು ಕೆ.ಜಿ. ಹುಟ್ಟದಂತೆ ನೋಡಿಕೊಳ್ಳುವುದು ಜಾಣತನ. ಟೊಮೆಟೊ, ಈರುಳ್ಳಿ, ಆಲೂಗಡ್ಡೆ, ಕೊತ್ತಂಬರಿ ದರ ಎಲ್ಲರಿಗೂ ಬಾಯಲ್ಲಿರುತ್ತದೆ, ಇವುಗಳಲ್ಲಿ ಮಾರ್ಜಿನ್ ಕಡಿಮೆ ಇಟ್ಟುಕೊಳ್ಳಿ. ಬ್ರೊಕೊಲಿ, ಬಣ್ಣದ ದಪ್ಪ ಮೆಣಸಿನಕಾಯಿ, ಅಣಬೆಯ ದರ ಯಾರೂ ಗಾಡಿಯವನ ಜೊತೆ ಹೋಲಿಸುವುದಿಲ್ಲ.

ದರ ಇಳಿಸುವ ನಿರ್ಧಾರ ಸಂಜೆ ನಾಲ್ಕಕ್ಕೆ ಆಗಬೇಕು, ರಾತ್ರಿ ಎಂಟೂವರೆಗಲ್ಲ. ನಾಲ್ಕಕ್ಕೆ ರ‍್ಯಾಕ್ ಸುತ್ತಿ ನಾಳೆಗೆ ಉಳಿಯದ್ದನ್ನು ಗುರುತಿಸಿ, ಐದೂವರೆಯ ಗಿರಾಕಿ ಬರುವ ಮೊದಲು ಇಳಿಸಿ. ದಿನಾ ಒಂದೇ ಹೊತ್ತಿಗೆ, ಒಂದೇ ಮಾಲಿಗೆ ಇಳಿಸಿದರೆ ಅದಕ್ಕೇ ಕಾದು ಕೂರುವವರು ಹುಟ್ಟುತ್ತಾರೆ, ಆದ್ದರಿಂದ ಉಳಿದದ್ದಕ್ಕೆ ಮಾತ್ರ. ಹೆಚ್ಚಿದ ತರಕಾರಿಯ ಸಾಂಬಾರ್ ಪ್ಯಾಕ್ ಮಾಡುವವರು ನೆನಪಿಡಬೇಕಾದ್ದು ಒಂದೇ: ಕೆಡುತ್ತಿರುವುದನ್ನು ಹೆಚ್ಚಿ ಮುಚ್ಚಿಡುವ ಜಾಗ ಅದಲ್ಲ. ಹೆಚ್ಚಿದ ತಕ್ಷಣ ತರಕಾರಿ ಇನ್ನೂ ಬೇಗ ಕೆಡುತ್ತದೆ. ಒಳ್ಳೆಯದನ್ನೇ ಹೆಚ್ಚಿ, ದಿನಾಂಕ ಹಾಕಿ, 5 ಡಿಗ್ರಿಯೊಳಗೆ ಇಡಿ.

ನಾಲ್ಕು ಜನ, ಏಳು ದಿನ

ವಾರಕ್ಕೊಂದು ರಜೆ ಕಾನೂನು ಕೊಟ್ಟ ಹಕ್ಕು. ನಾಲ್ವರ ರಜೆಯನ್ನು ಸೋಮವಾರದಿಂದ ಗುರುವಾರದವರೆಗೆ ಒಬ್ಬೊಬ್ಬರಿಗೆ ಒಂದೊಂದು ದಿನ ಹಂಚಿದರೆ ಆ ನಾಲ್ಕು ದಿನ ಮೂವರು, ಶುಕ್ರ–ಶನಿ–ಭಾನುವಾರ ನಾಲ್ವರೂ ಸಿಗುತ್ತಾರೆ. ನಾಲ್ವರೂ ಇರುವ ದಿನ ಇಬ್ಬರು ಬೆಳಗ್ಗೆ 6ರಿಂದ 3, ಇಬ್ಬರು 12ರಿಂದ 9. ನಡುವಿನ ಮೂರು ಗಂಟೆ ಎಲ್ಲರೂ ಇರುವ ಹೊತ್ತು: ಸರದಿಯಲ್ಲಿ ಊಟ, ಆರಿಸುವುದು, ರ‍್ಯಾಕ್ ಒರೆಸುವುದು, ಕಾಳು ಬಿಡಿಸುವುದು, ಕಲಿಸುವುದು ಎಲ್ಲ ಆಗ.

ಕೆಲಸ ಹಂಚುವಾಗ ‘ಎಲ್ಲರೂ ಎಲ್ಲ ನೋಡಿಕೊಳ್ಳಿ’ ಎಂದರೆ ಯಾರೂ ಏನೂ ನೋಡುವುದಿಲ್ಲ. ಸೊಪ್ಪಿಗೆ ಒಬ್ಬರು, ಗಡ್ಡೆ ಮತ್ತು ಕಾಯಿಗೆ ಒಬ್ಬರು, ಹಣ್ಣಿಗೆ ಒಬ್ಬರು, ಹೆಸರು ಹಚ್ಚಿ. ತಕ್ಕಡಿಯ ಹತ್ತಿರ ಮಾತ್ರ ಯಾರಿರಬೇಕೆಂದು ಹೊತ್ತಿನ ಪ್ರಕಾರ ಬರೆದಿಡಿ.

ಹೊಸಬರನ್ನು ತೆಗೆದುಕೊಳ್ಳುವಾಗ ಪ್ರಮಾಣಪತ್ರಕ್ಕಿಂತ ಹತ್ತು ಮಾಲು ಮುಂದಿಟ್ಟು ಹೆಸರು ಕೇಳಿ. ನಾಟಿ ಟೊಮೆಟೊಕ್ಕೂ ಹೈಬ್ರಿಡ್ಡಿಗೂ, ಏಲಕ್ಕಿಗೂ ಪಚ್ಚಬಾಳೆಗೂ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಕಲಿಸಬಹುದು, ಆದರೆ ಕಲಿಸದೆ ತಕ್ಕಡಿಗೆ ನಿಲ್ಲಿಸಬೇಡಿ. ಹೊರರಾಜ್ಯದ ಹುಡುಗರಿದ್ದರೆ ಕ್ರೇಟಿನ ಒಳಮೈಗೆ ಆ ಮಾಲಿಗೆ ಜನ ಕರೆಯುವ ಎಲ್ಲ ಹೆಸರುಗಳನ್ನೂ ಅವರಿಗೆ ಓದಲು ಬರುವ ಲಿಪಿಯಲ್ಲಿ ಬರೆದು ಅಂಟಿಸಿ. ಗೆಡ್ಡೆಕೋಸು, ನವಿಲುಕೋಸು ಎರಡೂ ಒಂದೇ. ಈರುಳ್ಳಿಯನ್ನು ಧಾರವಾಡದವರು ಉಳ್ಳಾಗಡ್ಡಿ ಎಂದು ಕೇಳುತ್ತಾರೆ, ಮಂಗಳೂರಿನವರು ನೀರುಳ್ಳಿ ಎನ್ನುತ್ತಾರೆ, ಅವರಿಗೆ ಆಲೂಗಡ್ಡೆ ಬಟಾಟೆ. ‘ಇಲ್ಲ’ ಎಂದು ಕಳಿಸಿಬಿಟ್ಟ ಉಳ್ಳಾಗಡ್ಡಿ ಅಲ್ಲೇ ಎರಡು ಮೊಳ ದೂರದಲ್ಲಿರುತ್ತದೆ.

ಹೇಳುವ ಬಗೆ

‘ರ‍್ಯಾಕ್ ನೀಟಾಗಿಡು’ ಎನ್ನುವುದು ಸೂಚನೆಯಲ್ಲ. ‘ಒಂಬತ್ತೂವರೆಗೆ ಟೊಮೆಟೊ ಮೂರು ಪದರ ಇರಲಿ, ಹಳದಿ ಎಲೆ ಒಂದೂ ಕಾಣಬಾರದು, ಪ್ರತಿ ಮಾಲಿನ ಮುಂದೆ ದರದ ಚೀಟಿ’ ಎನ್ನುವುದು ಸೂಚನೆ. ಮಾಡಿದ್ದಾರೋ ಇಲ್ಲವೋ ಎಂದು ಇಬ್ಬರಿಗೂ ಗೊತ್ತಾಗುವಂತಿರಬೇಕು. ಸರಿಯಾಗಿ ಜೋಡಿಸಿದ ದಿನದ ಫೋಟೊ ತೆಗೆದು ಗೋಡೆಗೆ ಹಚ್ಚಿದರೆ ಅರ್ಧ ಮಾತು ಉಳಿಯುತ್ತದೆ.

ಬೆಳಗ್ಗೆ ಬಾಗಿಲು ತೆಗೆಯುವ ಮುನ್ನ ಐದು ನಿಮಿಷ ನಿಂತು ಮೂರು ಸಂಗತಿ ಹೇಳಿ: ಇವತ್ತು ಯಾವುದರ ದರ ಏರಿದೆ, ಯಾವುದು ಸಂಜೆಯೊಳಗೆ ಹೋಗಲೇಬೇಕು, ಯಾವುದು ಬಂದಿಲ್ಲ. ಬಿಲ್ಲಿಂಗ್ ಕೌಂಟರಿನವರೂ ಅಲ್ಲಿರಲಿ. ಚೀಟಿಯಲ್ಲಿ 30, ಬಿಲ್ಲಿನಲ್ಲಿ 38 ಬಂದರೆ ಜಗಳ ಆಗುವುದು ಕೌಂಟರಿನಲ್ಲಿ, ತಪ್ಪು ಇರುವುದು ನಿಮ್ಮಲ್ಲಿ. ಹಾಗಾದಾಗ ಚೀಟಿಯ ದರವನ್ನೇ ತೆಗೆದುಕೊಳ್ಳಲಿ ಎಂದು ಮೊದಲೇ ಹೇಳಿಟ್ಟಿರಿ.

ಗಿರಾಕಿಗಳ ಕೈಯಿಂದಾಗುವ ನಷ್ಟ, ಅಂದರೆ ಕಾರಣ 4, ಮಾತಿನಿಂದಲೇ ಕಡಿಮೆಯಾಗುವಂಥದ್ದು. ಬೆಂಡೆಕಾಯಿಯ ಗುಡ್ಡೆ ಮುಂದೆ ನಿಂತು ನೋಡಿ: ಒಬ್ಬರು ಬಂದು ಒಂದೊಂದರ ತುದಿಯನ್ನು ಚಟ್ ಚಟ್ ಎಂದು ಮುರಿದು, ಮುರಿದದ್ದರಲ್ಲಿ ಎಳೆಯದನ್ನು ಆರಿಸಿ, ಬಲಿತದ್ದನ್ನು ಅಲ್ಲೇ ಬಿಡುತ್ತಾರೆ. ಆಮೇಲೆ ಬಂದವರಿಗೆ ಕಾಣುವುದು ತುದಿ ಕಪ್ಪಾದ ಬೆಂಡೆ. ‘ಮುರಿಯಬಾರದು’ ಎಂಬ ಬೋರ್ಡ್ ಯಾರೂ ಓದುವುದಿಲ್ಲ, ಓದಿದವರಿಗೆ ಸಿಟ್ಟು ಬರುತ್ತದೆ. ಬಲಿತದ್ದನ್ನು ನೀವೇ ಬೆಳಗ್ಗೆ ಆರಿಸಿ ತೆಗೆದಿದ್ದು, ‘ಅಕ್ಕಾ, ಇರಿ, ಎಳೇದು ನಾನೇ ಆರಿಸಿ ಕೊಡ್ತೀನಿ, ಎಷ್ಟು ಬೇಕು?’ ಎಂದು ಒಬ್ಬರು ಕವರ್ ಬಿಚ್ಚಿ ಹಿಡಿದರೆ ಮುರಿಯುವ ಕೈ ನಿಲ್ಲುತ್ತದೆ. ಈ ಮಾತನ್ನು ಹೊಸಬರಿಂದ ನಾಲ್ಕು ಸಲ ಆಡಿಸಿ ಅಭ್ಯಾಸ ಮಾಡಿಸಿ. ನಾಚಿಕೊಳ್ಳುತ್ತಾರೆ, ಆಮೇಲೆ ಬರುತ್ತದೆ.

ತಪ್ಪನ್ನು ಗಿರಾಕಿಯ ಎದುರು ಹೇಳಬೇಡಿ. ವಯಸ್ಸಿನಲ್ಲಿ ನಿಮಗಿಂತ ಹಿರಿಯರಾದ ಕೆಲಸದವರನ್ನು ಅಣ್ಣ, ಅಕ್ಕ ಎಂದೇ ಕರೆಯುತ್ತಿದ್ದರೆ ಇನ್‌ಚಾರ್ಜ್‌ಗಿರಿಗೆ ಕುಂದಿಲ್ಲ.

ತಕ್ಕಡಿ

ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ 12 ತಿಂಗಳಿಗೊಮ್ಮೆ ಹೊಸದಾಗಬೇಕು. ಆ ತಾರೀಖು ಇನ್‌ಚಾರ್ಜ್‌ಗೆ ಗೊತ್ತಿರಬೇಕು. ಅದಲ್ಲದೆ ದಿನಾ ಬೆಳಗ್ಗೆ ಮಟ್ಟದ ಗುಳ್ಳೆ ನಡುವಿದೆಯೇ ನೋಡಿ, ಮುದ್ರೆಯಿರುವ 1 ಕೆ.ಜಿ. ಬಟ್ಟನ್ನು ಇಟ್ಟು ನೋಡಿ. ಫ್ಯಾನ್ ಗಾಳಿ ನೇರವಾಗಿ ತಟ್ಟೆಗೆ ಬೀಸುತ್ತಿದ್ದರೆ ಅಂಕಿ ನಿಲ್ಲುವುದಿಲ್ಲ.

ಒಂದೊಂದು ತೂಕಕ್ಕೆ 10 ಗ್ರಾಂ ಹೆಚ್ಚು ಹೋದರೆ ಏನು ಮಹಾ ಅನ್ನಿಸುತ್ತದೆ. ದಿನಕ್ಕೆ 300 ತೂಕವಾದರೆ 3 ಕೆ.ಜಿ., ಕೆ.ಜಿ.ಗೆ ಸರಾಸರಿ 40 ರೂಪಾಯಿಯಂತೆ 120, ತಿಂಗಳಿಗೆ 3,600. ಕಡಿಮೆ ಹೋದರೆ ಅದು ಅಪರಾಧ. ಬುಟ್ಟಿಯಲ್ಲಿಟ್ಟು ತೂಗುವುದಾದರೆ ಬುಟ್ಟಿಯ ತೂಕ ಕಳೆದೇ ತೂಗಿ.

ಸೋಮವಾರ ರಾತ್ರಿಯ ಎಣಿಕೆ

ವಾರದ ವ್ಯಾಪಾರ ತಗ್ಗಿರುವ ಸೋಮವಾರ ರಾತ್ರಿ ಇರುವುದನ್ನೆಲ್ಲ ತೂಗಿ ಕೊಂಡ ದರದಲ್ಲಿ ಬೆಲೆ ಕಟ್ಟಿ. ಕೆಟ್ಟದ್ದನ್ನು ಎಣಿಕೆಗೆ ಮುಂಚೆ ಟಬ್ಬಿಗೆ ಹಾಕಿ. ಇಲ್ಲವಾದರೆ ಈ ವಾರದ ನಷ್ಟ ಮುಂದಿನ ವಾರದ ಲೆಕ್ಕಕ್ಕೆ ದಾಟುತ್ತದೆ.

ಕಳೆದ ಸೋಮವಾರ ಇದ್ದ ಸ್ಟಾಕ್ 18,000. ವಾರದ ಖರೀದಿ 1,32,000. ಈಗ ಇರುವುದು 15,000. ಅಂದರೆ 1,35,000 ರೂಪಾಯಿಯ ಮಾಲು ಹೋಗಿದೆ. ಮಾರಾಟ 1,75,000. ಕೈಗೆ ಬಂದದ್ದು 40,000, ಶೇ. 22.9. ದರದ ಚೀಟಿಗಳ ಪ್ರಕಾರ ಸರಾಸರಿ ಮಾರ್ಜಿನ್ ಶೇ. 28 ಇಟ್ಟಿದ್ದಿರಿ. ಹಾಗಿದ್ದರೆ ಅಷ್ಟೂ ಮಾಲು ಪೂರ್ತಿ ದರಕ್ಕೆ ಹೋಗಿದ್ದರೆ 1,87,500 ಬರಬೇಕಿತ್ತು. ಕೊರತೆ 12,500.

ಡಂಪ್ ಪುಸ್ತಕದ ಮೊತ್ತ 6,900, ದರ ಇಳಿಸಿದ್ದರಲ್ಲಿ ಹೋದದ್ದು 3,400 ಎಂದಿಟ್ಟುಕೊಳ್ಳಿ. ಒಟ್ಟು 10,300. ಡಂಪನ್ನು ಮಾರಾಟ ದರದಲ್ಲಿ ಬರೆಯಿರಿ ಎಂದದ್ದು ಈ ಹೋಲಿಕೆಗಾಗಿಯೇ. ಉಳಿದ 2,200ಕ್ಕೆ ಲೆಕ್ಕವಿಲ್ಲ.

ಲೆಕ್ಕವಿಲ್ಲದ್ದನ್ನು ಕಂಡ ಕೂಡಲೇ ಕಳ್ಳತನ ಎಂದು ಕೂಗುವುದು ರೂಢಿ. ಹುಡುಕುವ ಕ್ರಮ ಬೇರೆ. ಮೊದಲು ಇಳಿಸಿಕೊಂಡ ತೂಕದ ಚೀಟಿಗಳನ್ನು ನೋಡಿ, ಕ್ರೇಟಿನ ತೂಕ ಕಳೆದಿದೆಯೇ ಎಂದು. ಆಮೇಲೆ ತಕ್ಕಡಿ. ಮೂರನೆಯದು ಬಿಲ್ಲಿಂಗ್ ಕೋಡ್, ಮತ್ತು ಹೆಚ್ಚಿನ ಸಲ ಉತ್ತರ ಸಿಗುವುದು ಇಲ್ಲೇ. ಕಂಪ್ಯೂಟರಿನ ಸ್ಟಾಕ್ ಪಟ್ಟಿಗೆ ಹೋಲಿಸಿದರೆ ಎಣಿಕೆಯಲ್ಲಿ ಹಸಿರು ದಪ್ಪ ಮೆಣಸಿನಕಾಯಿ 3 ಕೆ.ಜಿ. ಜಾಸ್ತಿ, ಕೆಂಪು 3 ಕೆ.ಜಿ. ಕಡಿಮೆ ಬಂದಿದೆಯೇ? ಯಾರೂ ಕದ್ದಿಲ್ಲ. ಕೆಂಪನ್ನು ಹಸಿರಿನ ಕೋಡ್‌ನಲ್ಲಿ ಬಿಲ್ ಮಾಡಿದ್ದಾರೆ. ಹಸಿರು 70, ಕೆಂಪು 180 ಇದ್ದರೆ ಅಲ್ಲೇ 330 ರೂಪಾಯಿ. ನಾಟಿ–ಹೈಬ್ರಿಡ್ ಟೊಮೆಟೊ, ಏಲಕ್ಕಿ–ಪಚ್ಚಬಾಳೆ ಜೋಡಿಗಳಲ್ಲೂ ಹೀಗೆ ಒಂದು ಕಡೆ ಏರಿ ಇನ್ನೊಂದು ಕಡೆ ಇಳಿದಿದೆಯೇ ನೋಡಿ. ಕೋಡ್‌ಗಳ ಪಟ್ಟಿಯನ್ನು ಫೋಟೊ ಸಮೇತ ಕೌಂಟರಿಗೆ ಅಂಟಿಸಿದರೆ ಮುಂದಿನ ವಾರ ಇದು ಇಳಿಯುತ್ತದೆ. ಜೋಡಿ ಸಿಗದೆ ಒಂಟಿಯಾಗಿ ಕಡಿಮೆ ಬಂದ ಮಾಲು ಯಾವುದಾದರೂ ಇದ್ದರೆ, ಮತ್ತು ಅದು ಮೂರು ವಾರ ಸತತವಾಗಿ ಸೇಬೋ ಡ್ರೈಫ್ರೂಟ್ಸ್ ಪಕ್ಕದ ದಾಳಿಂಬೆಯೋ ಆಗಿದ್ದರೆ, ಆಗ ಸಿಸಿಟಿವಿ ನೋಡಿ.